ಗಾದಿಲಿಂಗ ಕೂಡಿಸಿದ ಮೀನುಗಳು

ಬಳ್ಳಾರಿಯ ಪಾರ್ವತಿನಗರದಲ್ಲಿ ವಿಜಯಕುಮಾರ ಅವರ ಮನೆ ಎಂದರೆ ಆಟೋದವರೂ ತೋರಿಸುತ್ತಾರೆ. ಗಾದಿಲಿಂಗನ ಮನೆ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮದುವೆಯಾದಾಗಿನಿಂದ ಗಾದಿಲಿಂಗ ಇರುವುದು ಅದೇ ಮನೆಯಲ್ಲಿ. ಅವನು ಅಲ್ಲಿಗೆ ಮನೆ ಅಳಿಯನಾಗಿ ಬಂದವನು.

ಹುಟ್ಟಿದ್ದು ಸಿರುಗುಪ್ಪದಲ್ಲಿ. ತಂದೆ ಜೋಗಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಗಿರಣಿಯ ದೂಳು ಎದೆಗೆ ಕೂತು ಆತ ಬೇಗ ಹೋದ. ಅಕ್ಕ ಪಾರಮ್ಮನನ್ನು ಅಷ್ಟರಲ್ಲಾಗಲೇ ಕುರುಗೋಡಿಗೆ ಕೊಟ್ಟಿದ್ದರು. ಹತ್ತನೆಯ ತರಗತಿ ಮುಗಿಸಿದ ಗಾದಿಲಿಂಗ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಹಾಸುವ ಕೆಲಸಕ್ಕೆ ಸೇರಿದ. ಬಟ್ಟೆಯನ್ನು ಪದರಪದರವಾಗಿ ಹಾಸುವುದು, ಮೇಲೆ ಅಚ್ಚು ಇಟ್ಟು ಗೆರೆ ಎಳೆಯುವುದು, ಮಿಷನ್ ಹಿಡಿದು ಗೆರೆ ತಪ್ಪದಂತೆ ಕತ್ತರಿಸುವುದು ಎಲ್ಲ ಕಲಿತು ಕೆಲವೇ ವರ್ಷಗಳಲ್ಲಿ ಕಟಿಂಗ್ ಮಾಸ್ಟರ್ ಆದ. ಆ ಕಾರ್ಖಾನೆಯ ಮಾಲೀಕರೇ ವಿಜಯಕುಮಾರ. ದೂರದ ಸಂಬಂಧವೂ ಇತ್ತು. ಅವರ ಹೆಂಡತಿ ತೀರಿಕೊಂಡಿದ್ದರು, ಮಗಳು ಒಬ್ಬಳೇ. ಒಂದು ದಿನ ಅವರು ಕಟಿಂಗ್ ಟೇಬಲ್ಲಿನ ಹತ್ತಿರ ಬಂದು ನಿಂತು ಹೇಳಿದರು: “ನಮ್ಮ ನಂದಿನಿನ್ನ ನಿನಗ ಕೊಡಬೇಕಂತ ಮಾಡೀನಪ. ಆದ್ರ ಆಕಿ ಈ ಮನಿ ಬಿಟ್ಟು ಬರಂಗಿಲ್ಲ, ನೀನೇ ಬರಬೇಕು. ನನಗ ಅಳಿಯ ಅಲ್ಲ, ಮಗ ಬೇಕಾಗ್ಯಾನ.”

ತಂದೆಯಿಲ್ಲದ ಗಾದಿಲಿಂಗನಿಗೆ ಕಣ್ಣು ತುಂಬಿ ಬಂದವು. ಆ ಮಾತನ್ನು ಅವನು ಪೂರ್ತಿಯಾಗಿ ನಂಬಿದ.

ಮಗ ಎಂಬ ಮಾತು ಮದುವೆಯ ಮಂಟಪದ ತನಕ ನಡೆಯಿತು. ಆಮೇಲೂ ಕಾರ್ಖಾನೆಯ ಬೀಗದ ಕೈ ಮಾವನ ಸೊಂಟದಲ್ಲೇ ಉಳಿಯಿತು. ಯಾವ ಬಟ್ಟೆ ತರಿಸಬೇಕು, ಯಾರನ್ನು ಕೆಲಸದಿಂದ ಬಿಡಿಸಬೇಕು, ಮೊಮ್ಮಗಳು ಮೇಘಾಳನ್ನು ಯಾವ ಶಾಲೆಗೆ ಹಾಕಬೇಕು, ಎಲ್ಲವನ್ನೂ ಮಾವ ಹೇಳುತ್ತಿದ್ದರು, ನಂದಿನಿ ತಲೆಯಾಡಿಸುತ್ತಿದ್ದಳು. ನಂದಿನಿ ಕೆಟ್ಟ ಹೆಂಗಸಲ್ಲ. ಅಪ್ಪ ಹೇಳಿದ್ದೇ ಸರಿ ಎಂದು ಬೆಳೆದವಳು. ಗಂಡನಿಗೂ ಹಾಗೆಯೇ ಅನಿಸುತ್ತದೆ ಎಂದುಕೊಂಡಿದ್ದಳು. ಊಟಕ್ಕೆ ಕೂತಾಗ ಗಾದಿಲಿಂಗ ಏನಾದರೂ ಹೇಳಲು ಬಾಯಿ ತೆರೆದರೆ ಅವಳೇ ಮೆತ್ತಗೆ, “ನೀವು ಉಣ್ರಿ, ಸಾರು ಆರಾಕತ್ತೈತಿ” ಎನ್ನುತ್ತಿದ್ದಳು.

ಆ ಮನೆಯ ಹಾಲಿನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದು ಖಾಲಿ ಬಿದ್ದಿತ್ತು. ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಉಡುಗೊರೆ. ಒಂದಷ್ಟು ದಿನ ಮೀನು ಇದ್ದವಂತೆ, ಸತ್ತವಂತೆ; ಆಮೇಲೆ ಅದರಲ್ಲಿ ದಾರದ ಉಂಡೆ, ಹಳೆಯ ಪೇಪರು ತುಂಬಿದ್ದರು. ಮೇಘಾ ಎರಡನೆಯ ತರಗತಿಯಲ್ಲಿದ್ದಾಗ ಅದರಲ್ಲಿ ಮತ್ತೆ ಮೀನು ಬೇಕೆಂದು ಹಟ ಹಿಡಿದಳು. ಗಾದಿಲಿಂಗ ಮಾವನನ್ನು ಕೇಳಿದ. ಅವರು ಫೋನಿನಲ್ಲಿ ಮಾತಾಡುತ್ತಲೇ, “ಏನರ ಮಾಡ್ಕೋ” ಎಂದು ಕೈ ಬೀಸಿದರು.

ಆ ಮನೆಯಲ್ಲಿ ಅವನಿಗೆ ‘ಏನರ ಮಾಡ್ಕೋ’ ಎಂದು ಸಿಕ್ಕಿದ್ದು ಅದೊಂದೇ.

ತೊಟ್ಟಿ ತೊಳೆದು ನೀರು ತುಂಬಿಸಿ, ಅಪ್ಪ ಮಗಳು ಇಬ್ಬರೂ ಎರ್ರಿಸ್ವಾಮಿಯ ಮೀನಿನ ಅಂಗಡಿಗೆ ಹೋದರು. ಮೇಘಾ ಬಣ್ಣ ನೋಡಿ ನೋಡಿ ಬೆರಳು ತೋರಿಸಿದಳು: ಎರಡು ಗೋಲ್ಡ್‌ಫಿಶ್, ಎರಡು ಏಂಜಲ್, ಹುಲಿಯ ಪಟ್ಟೆಯಂಥ ಪಟ್ಟೆ ಇರುವ ಬಾರ್ಬ್‌ಗಳು, ಅಗಲ ಬಾಲದ ಗಪ್ಪಿಗಳು. ಅಂಗಡಿಯಲ್ಲಿ ಜನ ತುಂಬಿದ್ದರು. ಎರ್ರಿಸ್ವಾಮಿ ಹಿಡಿದು ಹಿಡಿದು ಕವರಿಗೆ ಹಾಕಿಕೊಟ್ಟ.

ಮರುದಿನವೇ ಬಾರ್ಬ್‌ಗಳು ಏಂಜಲ್‌ನ ಉದ್ದನೆಯ ರೆಕ್ಕೆಗಳನ್ನು ಕಚ್ಚಿ ಕಚ್ಚಿ ಹರಿದವು. ಗಪ್ಪಿಗಳ ಬಾಲ ಚಿಂದಿಯಾಯಿತು. ಗೋಲ್ಡ್‌ಫಿಶ್‌ಗಳು ಹಾಕಿದ್ದೆಲ್ಲ ತಿಂದು ನೀರು ಹೊಲಸು ಮಾಡಿದವು. ಎರಡು ವಾರ ಕಳೆಯುವಷ್ಟರಲ್ಲಿ ತೊಟ್ಟಿ ಖಾಲಿ. ಮಾವ ನಕ್ಕರು. “ಬಟ್ಟಿ ಕತ್ರಿಸಿದಂಗ ಅಲ್ಲಪ ಇದು” ಎಂದರು. ಮಗಳು ಅತ್ತಿದ್ದಕ್ಕಿಂತ ಆ ನಗು ಗಾದಿಲಿಂಗನಿಗೆ ಹೆಚ್ಚು ಚುಚ್ಚಿತು.

ಅವನು ಮತ್ತೆ ಎರ್ರಿಸ್ವಾಮಿಯ ಅಂಗಡಿಗೆ ಹೋದ. ಈ ಸಲ ಒಬ್ಬನೇ, ಜನರಿಲ್ಲದ ಮಧ್ಯಾಹ್ನ. ಏನೇನು ಹಾಕಿದ್ದೆ ಎಂದು ಹೇಳಿದ. ಎರ್ರಿಸ್ವಾಮಿ ಹಣೆ ಚಚ್ಚಿಕೊಂಡ.

“ಎಲ್ಲಾ ಒಂದಕ್ಕೊಂದು ಆಗದವನ್ನೇ ಕೂಡಿಸೀರಲ್ರಿ! ಮೊದಲು ಮೀನ ನೋಡಬ್ಯಾಡ್ರಿ, ನಿಮ್ಮ ನೀರು ನೋಡ್ರಿ. ಬೋರಿನ ನೀರೇನು?”

“ಹೌದ್ರಿ, ಬೋರಿಂದು.”

“ಗಡಸು ನೀರು. ನಿಯಾನ್ ಅಂಥವಕ್ಕ ಮೆತ್ತನ ನೀರು ಬೇಕು, ಅವು ನಿಮ್ಮಲ್ಲಿ ಬಾಳಂಗಿಲ್ಲ. ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಇವಕ್ಕ ಗಡಸು ನೀರೇ ಛಲೋ. ನಮ್ಮೂರ ಬ್ಯಾಸಗಿನೂ ತಡಕಂತಾವ. ಒಂದರ ತಂಟಿಗೆ ಒಂದು ಹೋಗಂಗಿಲ್ಲ.”

“ಏಂಜಲ್ ನೋಡಾಕ ಚಂದ ಇದ್ವು…”

“ಚಂದ ಅದಾವ. ದೊಡ್ಡವು ಆದ ಮ್ಯಾಲ ಬಾಯಿಗೆ ಹಿಡಿಸಿದ್ದೆಲ್ಲ ನುಂಗ್ತಾವ. ಸಣ್ಣ ಮೀನ ಬೇಕಂದ್ರ ಏಂಜಲ್ ಬಿಡ್ರಿ. ಏಂಜಲ್ ಬೇಕಂದ್ರ ಸಣ್ಣವನ್ನ ಬಿಡ್ರಿ. ಎರಡೂ ಬೇಕಂದ್ರ ಎರಡು ತೊಟ್ಟಿ ಇಡ್ರಿ.”

ಗಾದಿಲಿಂಗ ಆ ಅಂಗಡಿಗೆ ದಿನಾ ಎಂಬಂತೆ ಹೋಗತೊಡಗಿದ. ಕೊಳ್ಳುವುದಕ್ಕಲ್ಲ, ಸ್ಟೂಲಿನ ಮೇಲೆ ಕೂತು ನೋಡುವುದಕ್ಕೆ. ಯಾವುದು ಮೇಲೆ ಈಜುತ್ತದೆ, ಯಾವುದು ತಳದಲ್ಲಿ ಇರುತ್ತದೆ, ಯಾವುದು ಗುಂಪಿದ್ದರೆ ಮಾತ್ರ ಧೈರ್ಯವಾಗಿರುತ್ತದೆ ಎಂದು ಗಮನಿಸಿದ. ಸ್ವೋರ್ಡ್‌ಟೇಲ್ ಗಂಡುಗಳು ಹೆಚ್ಚಾದರೆ ತಮ್ಮತಮ್ಮಲ್ಲೇ ಬಡಿದಾಡುತ್ತವೆ, ಹೆಣ್ಣುಗಳನ್ನು ಉಸಿರಾಡಲು ಬಿಡುವುದಿಲ್ಲ. ಒಂದು ಗಂಡಿಗೆ ಮೂರು ಹೆಣ್ಣು ಇದ್ದರೆ ತೊಟ್ಟಿ ತಣ್ಣಗಿರುತ್ತದೆ ಎಂಬುದು ತಿಳಿಯಿತು. ಗಾಜು ನೆಕ್ಕಿ ಸ್ವಚ್ಛ ಮಾಡುವ ಮೀನು ಈಗ ಬೆರಳುದ್ದ ಇದ್ದರೂ ಮುಂದೆ ಮೊಳದುದ್ದ ಆಗುತ್ತದೆಂದು ಅದನ್ನು ಬಿಟ್ಟ. ಆಮೇಲೆ ಆರಿಸಿದ: ಕರಿ ಮೋಲಿ, ಕೆಂಪು ಪ್ಲಾಟಿ, ಬಾಲದ ಕೆಳಗೆ ಕತ್ತಿಯಂಥ ಎಳೆ ಇಳಿದಿರುವ ಸ್ವೋರ್ಡ್‌ಟೇಲ್, ಮತ್ತೆ ಮೈಮೇಲೆ ಮುತ್ತು ಚೆಲ್ಲಿದಂತಿರುವ, ಯಾರ ಗೊಡವೆಗೂ ಹೋಗದ ಒಂದು ಜೊತೆ ಗೌರಾಮಿ. ಸಿರುಗುಪ್ಪಕ್ಕೆ ಹೋದಾಗ ಕಾಲುವೆಯಿಂದ ನೀರುಹುಲ್ಲು ಕಿತ್ತು ತಂದು, ತೊಳೆದು ತೊಳೆದು ನೆಟ್ಟ.

ಆ ತೊಟ್ಟಿ ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಮರಿಗಳಾದವು. ಮರಿಗಳಲ್ಲಿ ಕೆಲವನ್ನು ಗೌರಾಮಿ ತಿಂದವು, ಹುಲ್ಲಿನಲ್ಲಿ ಅಡಗಿದವು ಬದುಕಿದವು. ಬೇಸಿಗೆಯಲ್ಲಿ ಗಾಜೇ ಬಿಸಿಯಾದಾಗ ಅವನು ಬಾಟಲಿಯಲ್ಲಿ ಐಸ್ ಮಾಡಿ ನೀರಲ್ಲಿ ತೇಲಿಬಿಡುತ್ತಿದ್ದ. ಕರೆಂಟು ಹೋದರೆ ಇರಲೆಂದು ಗಾಳಿ ಬಿಡುವ ಬ್ಯಾಟರಿ ಮೋಟಾರೊಂದನ್ನು ತಂದಿಟ್ಟ. ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಅವನು ತೊಟ್ಟಿಯ ಮುಂದೆ ಕೂತರೆ ಮೇಘಾ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. “ಅಪ್ಪಾ, ಇದರ ಜೊತಿ ಅದನ್ನ ಬಿಟ್ರ ನಡೀತೈತೇನು?” ಎಂದು ಕೇಳುತ್ತಿದ್ದಳು. ಗಾದಿಲಿಂಗ ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು. ತನ್ನ ಮಾತನ್ನು ಪೂರ್ತಿ ಕೇಳುವವರು ಒಬ್ಬರಿದ್ದಾರೆ ಎಂಬುದೇ ಅವನಿಗೆ ದೊಡ್ಡದಾಗಿತ್ತು.

ನಾಲ್ಕನೆಯ ವರ್ಷ ಕಾರ್ಖಾನೆಯ ಮಾಲು ಹೋಗದೆ ನಿಂತಿತು. ಹೊಲಿದ ಪ್ಯಾಂಟುಗಳು ಗೋಡೌನಿನಲ್ಲಿ ರಾಶಿ ಬಿದ್ದವು. ಮಾವ ವಾಸ್ತು ಹೇಳುವವನೊಬ್ಬನನ್ನು ಕರೆಸಿದರು. ಆತ ಮನೆಯೆಲ್ಲ ಸುತ್ತಿ, ತೊಟ್ಟಿಯ ಮುಂದೆ ನಿಂತು, “ಇದರಾಗ ಫ್ಲವರ್‌ಹಾರ್ನ್ ಮೀನ ಇರಬೇಕಿತ್ತು. ಅದರ ತಲಿ ಮ್ಯಾಲಿನ ಉಬ್ಬು ಹೆಂಗ ಬೆಳೀತೈತೋ ಮನಿ ಹಂಗ ಬೆಳೀತೈತಿ” ಎಂದು ಹೇಳಿ ಹೋದ.

ವಾರದೊಳಗೆ ಬೆಂಗಳೂರಿನಿಂದ ಫ್ಲವರ್‌ಹಾರ್ನ್ ಬಂತು. ಅಂಗೈಗಿಂತ ದೊಡ್ಡದು, ಕೆಂಪು ಮೈ, ಹಣೆಯ ಮೇಲೆ ಗುಳ್ಳೆಯಂಥ ಉಬ್ಬು. ಗಾದಿಲಿಂಗ ಅದನ್ನು ನೋಡಿದ ಕೂಡಲೇ ಮಾವನ ಹತ್ತಿರ ಹೋದ.

“ಮಾವಾರೆ, ಇದು ಒಂಟಿ ಮೀನ್ರಿ. ಯಾವುದರ ಜೊತಿನೂ ಇರಂಗಿಲ್ಲ. ನಾಳೆ ಇನ್ನೊಂದು ತೊಟ್ಟಿ ತರ್ತೀನಿ, ಅಲ್ಲಿತನಕ ಡ್ರಮ್ಮಿನಾಗ ಇರಲಿ.”

“ಈಶಾನ್ಯಕ್ಕ ಇರೋದು ಇದೇ ತೊಟ್ಟಿ.”

“ಹಂಗಾದ್ರ ಇದರಾಗಿನ ಮೀನ ನಾನು ಬ್ಯಾರೆ ಕಡಿ ತೆಗೀತೀನ್ರಿ. ಒಂದು ದಿನ ಕೊಡ್ರಿ.”

ಮಾವ ಅವನನ್ನು ನೋಡದೆ, “ಆತು, ನೋಡಾಣ” ಎಂದರು.

ಗಾದಿಲಿಂಗ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ, ಗಾಳಿಯ ಮೋಟಾರು ಹಚ್ಚಿ, ಆ ಮೀನನ್ನು ಅದರಲ್ಲಿ ಬಿಟ್ಟ. ಬೆಳಿಗ್ಗೆ ಅವನು ತೊಟ್ಟಿ ತರಲು ಹೊರಡುವಷ್ಟರಲ್ಲಿ ಮಾವ ಟೆಂಪೋ ಕಳಿಸಿದ್ದರು. ಕುರುಗೋಡಿನಲ್ಲಿ ಹೆಂಗಸರಿಗೆ ಮನೆಯಲ್ಲೇ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಇವತ್ತೇ ತರಬೇಕು ಎಂದರು. ಅಂಥ ಅವಸರವೇನೂ ಅದಕ್ಕೆ ಇರಲಿಲ್ಲ. ಗಾದಿಲಿಂಗ ಹೋದ.

ಕುರುಗೋಡಿನಲ್ಲಿ ಮನೆಮನೆಗೆ ಹೋಗಿ ಬಟ್ಟೆ ಕೂಡಿಸಿ, ಅಕ್ಕ ಪಾರಮ್ಮನ ಮನೆಯಲ್ಲಿ ಕೂತು ನಂದಿನಿಗೆ ಫೋನು ಮಾಡಿದ.

“ಅಪ್ಪಾಜಿ ಈಗ ಆ ಮೀನ ತೊಟ್ಯಾಗ ಬಿಟ್ರು,” ಎಂದಳು ನಂದಿನಿ. “ಹತ್ತೂವರಿಗೆ ಮುಹೂರ್ತ ಇತ್ತಂತ.”

“ಉಳಿದ ಮೀನು?”

“ಅವೂ ಅದರಾಗೇ ಅದಾವ.”

“ತೆಗಿ ನಂದಿನಿ! ಮೀನ ಹಿಡಿಯೋ ಬಲಿ ತೊಟ್ಟಿ ಹಿಂದ ಐತಿ. ಸಣ್ಣವನ್ನ ಹಿಡಿದು ಬಕೇಟಿಗೆ ಹಾಕು. ಈಗಿಂದೀಗ.”

ನಂದಿನಿ ದನಿ ತಗ್ಗಿಸಿ ಹೇಳಿದಳು: “ಅಪ್ಪಾಜಿ ಎದುರಿಗೇ ಕುಂತಾರ್ರಿ. ಪೂಜಿ ಮಾಡ್ಯಾರ. ಈಗ ನಾ ಕೈ ಹಾಕಿದ್ರ ಬ್ಯಾಸರ ಮಾಡ್ಕಂತಾರ. ನೀವು ಬಂದು ನೋಡ್ರಿ.”

ಪಾರಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟಳು. ತಮ್ಮ ಅದನ್ನು ಮುಟ್ಟಲಿಲ್ಲ. ವಿಷಯ ಕೇಳಿ ಅವಳು, “ಮೀನಿಗೆ ಯಾರರ ಇಷ್ಟು ಮುಖ ಸಣ್ಣ ಮಾಡ್ಕಂತಾರೇನ್ಲೇ?” ಎಂದಳು.

ಗಾದಿಲಿಂಗ ಬೇರೆಯೇ ಮಾತು ತೆಗೆದ. “ಅಕ್ಕ, ಇಲ್ಲಿ ಬಾಡಿಗಿ ಮನಿ ಸಿಗ್ತಾವೇನು?”

ಪಾರಮ್ಮನಿಗೆ ಗಾಬರಿಯಾಯಿತು. ಅವನ ಎದುರು ಕುಕ್ಕರಗಾಲಲ್ಲಿ ಕೂತು, “ಸಿಗ್ತಾವ. ಆಕಿ ಬರ್ತಾಳೇನು? ಮಗಳು ಬರ್ತಾಳೇನು?” ಎಂದು ಕೇಳಿದಳು.

ನಂದಿನಿ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೇಘಾಳನ್ನು ಬಿಟ್ಟು ಬಂದು ಇಲ್ಲಿ ಏನು ಮಾಡುವುದೆಂಬುದು ಗೊತ್ತಿರಲಿಲ್ಲ. ನೀರು ಕುಡಿದು ಟೆಂಪೋ ಹತ್ತಿದ.

ಮನೆಗೆ ಬಂದಾಗ ತೊಟ್ಟಿಯ ಹುಲ್ಲು ಬೇರುಸಹಿತ ಕಿತ್ತು ಮೇಲೆ ತೇಲುತ್ತಿತ್ತು. ಒಂದು ಗೌರಾಮಿ ಮಗ್ಗುಲು ಹರಿದು ಮೂಲೆಯಲ್ಲಿ ಓರೆಯಾಗಿ ಬಿದ್ದಿತ್ತು, ಕಿವಿರು ಇನ್ನೂ ಆಡುತ್ತಿತ್ತು. ಪ್ಲಾಟಿ, ಸ್ವೋರ್ಡ್‌ಟೇಲ್ ಒಂದೂ ಕಾಣಲಿಲ್ಲ. ಫಿಲ್ಟರಿನ ಕೊಳವೆಯ ಹಿಂದೆ ಒಂದು ಕರಿ ಮೋಲಿ ಸಿಕ್ಕಿಕೊಂಡಂತೆ ನಿಂತಿತ್ತು. ನಡುವೆ ಫ್ಲವರ್‌ಹಾರ್ನ್ ಗಾಜಿಗೆ ಮುಖ ಹಚ್ಚಿ ಹೊರಗೆ ನೋಡುತ್ತಿತ್ತು. ಶಾಲೆಯಿಂದ ಬಂದ ಮೇಘಾ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವಳ ತಾತ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಅಳಬ್ಯಾಡವ್ವಾ, ಇದನ್ನ ನೋಡು, ಕೈ ತೋರಿಸಿದ್ರ ಹತ್ರ ಬರ್ತೈತಿ. ಅವು ಬರ್ತಿದ್ವೇನು?” ಎನ್ನುತ್ತಿದ್ದರು.

ಗಾದಿಲಿಂಗ ತೊಟ್ಟಿಯ ಹಿಂದಿದ್ದ ಬಲೆ ತೆಗೆದುಕೊಂಡ. ಮೋಲಿಯನ್ನು, ಹುಲ್ಲಿನಲ್ಲಿ ಸಿಕ್ಕ ಎರಡು ಮರಿಗಳನ್ನು ಬಾಟಲಿಗೆ ಹಾಕಿಕೊಂಡು ಎರ್ರಿಸ್ವಾಮಿಯ ಅಂಗಡಿಗೆ ಹೋಗಿ ಅಲ್ಲಿಯ ತೊಟ್ಟಿಗೆ ಬಿಟ್ಟ. ಅಲ್ಲಿದ್ದ ಹತ್ತಾರು ಕರಿ ಮೋಲಿಗಳಲ್ಲಿ ಅದು ಸೇರಿಹೋಯಿತು. “ಆಮ್ಯಾಲ ನಿಮ್ಮದು ಯಾವ್ದಂತ ಹೆಂಗ ಗುರ್ತ ಹಿಡೀತೀರಿ?” ಎಂದ ಎರ್ರಿಸ್ವಾಮಿ. “ಹಿಡಿಯೋದು ಬ್ಯಾಡ ಬಿಡ್ರಿ” ಎಂದು ಗಾದಿಲಿಂಗ ಹೊರಟ.

ತಿಂಗಳು ಕಳೆಯಿತು. ಮುಂಬೈ ಕಡೆಯ ವ್ಯಾಪಾರಿಯೊಬ್ಬ ಹೊಸ ಆರ್ಡರು ಕೊಟ್ಟು, ಜೊತೆಗೆ ಗೋಡೌನಿನ ಮಾಲನ್ನೆಲ್ಲ ಎತ್ತಿದ. ಆ ವ್ಯಾಪಾರಿಗೆ ಮಾದರಿ ತೋರಿಸಲು ಗಾದಿಲಿಂಗ ಪ್ಯಾಂಟಿನ ಕಾಲನ್ನು ಹೊಸದಾಗಿ ಸಡಿಲವಾಗಿ ಕತ್ತರಿಸಿ ಕೊಟ್ಟಿದ್ದ. ಆತ ಮೆಚ್ಚಿದ್ದೂ ಅದನ್ನೇ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಮಾವ ಪೇಡೆ ತರಿಸಿ ಮೊದಲು ತೊಟ್ಟಿಯ ಮುಂದೆ ಇಟ್ಟರು, ಗಾಜಿಗೆ ಹೂವಿನ ಹಾರ ಹಾಕಿದರು. ಬಂದವರಿಗೆಲ್ಲ ಮೀನು ತೋರಿಸಿದರು.

ಆಮೇಲೆ ಮೀನನ್ನು ನೋಡಿಕೊಳ್ಳುವ ಕೆಲಸ ಗಾದಿಲಿಂಗನಿಗೆ ಬಂತು. “ನಮ್ಮ ಅಳಿಯಗ ಮೀನಿನ ವಿದ್ಯಾ ಪೂರಾ ಗೊತ್ತೈತಿ” ಎಂದು ಮಾವ ಹೆಮ್ಮೆಯಿಂದಲೇ ಹೇಳುತ್ತಿದ್ದರು. ನೀರು ಬದಲಿಸುವುದು, ಗಾಜು ಒರೆಸುವುದು, ಕಾಳು ಹಾಕುವುದು. ಜೀವಂತ ಮೀನು ತಿನ್ನಿಸಿದರೆ ಉಬ್ಬು ಬೆಳೆಯುತ್ತದೆಂದು ಯಾರೋ ಅವರಿಗೆ ಹೇಳಿದರು. ಹಾಗೇನೂ ಇಲ್ಲ, ರೋಗ ಬರುವುದೇ ಹೆಚ್ಚು ಎಂದು ಗಾದಿಲಿಂಗ ಒಂದು ಸಲ ಹೇಳಿ ನೋಡಿದ. “ತರಾಕ ಆಗಲ್ಲಂದ್ರ ಡ್ರೈವರಿಗೆ ಹೇಳ್ತೀನಿ ಬಿಡು” ಎಂದರು ಮಾವ. ಅವನೇ ಎರ್ರಿಸ್ವಾಮಿಯ ಅಂಗಡಿಯಿಂದ ಗಪ್ಪಿಗಳನ್ನು ಕವರಿನಲ್ಲಿ ತಂದು ತೊಟ್ಟಿಗೆ ಸುರಿಯತೊಡಗಿದ. ಮೊದಮೊದಲು ಮೇಘಾ ಆ ಹೊತ್ತಿಗೆ ಒಳಗೆ ಹೋಗಿಬಿಡುತ್ತಿದ್ದಳು. ಬರಬರುತ್ತ ಕುರ್ಚಿ ಎಳೆದುಕೊಂಡು ಕೂತು ನೋಡುವಂತಾದಳು. ಅವಳು ಕೈ ಇಟ್ಟ ಕಡೆಗೆಲ್ಲ ಆ ಮೀನು ಓಡಿಬರುತ್ತಿತ್ತು. ಅವಳಿಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು. ಮಗಳನ್ನು ಹೇಗೆ ದೂರುವುದು?

ಮೇ ತಿಂಗಳ ಒಂದು ಮಧ್ಯಾಹ್ನ ಎಲ್ಲರೂ ಹತ್ತಿರದ ಮೋಕಾ ಊರಿಗೆ ಮದುವೆಗೆ ಹೋಗಿದ್ದರು. ಗಾದಿಲಿಂಗ ಒಬ್ಬನೇ ಮನೆಯಲ್ಲಿದ್ದ. ಕರೆಂಟು ಹೋಯಿತು, ಬಹಳ ಹೊತ್ತು ಬರಲಿಲ್ಲ. ಗೋಡೆ ಮುಟ್ಟಿದರೆ ಸುಡುತ್ತಿತ್ತು. ಫ್ಲವರ್‌ಹಾರ್ನ್ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿತು. ಗಾದಿಲಿಂಗ ಬ್ಯಾಟರಿ ಮೋಟಾರನ್ನು ಕೈಯಲ್ಲಿ ಹಿಡಿದು ಅದರ ಎದುರು ನಿಂತ. ನಿಂತೇ ಇದ್ದ. ಕರೆಂಟು ಹೋಗಿತ್ತು, ನಾನು ಮಲಗಿದ್ದೆ ಎಂದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಮೀನು ಓರೆಯಾಗಿ ತೂಗತೊಡಗಿದಾಗ ಕೊಳವೆಯನ್ನು ನೀರಿಗೆ ಬಿಟ್ಟು ಸ್ವಿಚ್ಚು ಒತ್ತಿದ, ಐಸಿನ ಬಾಟಲಿ ತೇಲಿಬಿಟ್ಟ. ಮೀನಿನದೇನು ತಪ್ಪು ಎಂದುಕೊಂಡನೋ, ಮಗಳು ಅಳುತ್ತಾಳೆಂದುಕೊಂಡನೋ, ಮಾವನಿಗೆ ಹೆದರಿದನೋ, ಅವನಿಗೂ ಹೇಳಲು ಬರುವುದಿಲ್ಲ. ಸಂಜೆ ಬಂದ ಮಾವ, “ಓಣಿ ಎಲ್ಲಾ ಬೆಂದು ಹೋದ್ರೂ ಇದಕ್ಕ ಏನೂ ಆಗಿಲ್ಲ ನೋಡ್ರಿ! ದೈವದ ಮೀನಿದು” ಎಂದು ಕೈ ಮುಗಿದರು.

ಮಾವನ ಗೆಳೆಯರೂ ಫ್ಲವರ್‌ಹಾರ್ನ್ ತರಿಸಿದರು. ಅವನ್ನೆಲ್ಲ ನೋಡಿಕೊಳ್ಳಲು ಮಾವ ಭಾನುವಾರ ಗಾದಿಲಿಂಗನನ್ನು ಕಳಿಸತೊಡಗಿದರು. ಅವನು ಬಕೇಟು, ಬ್ರಷ್ಷು ಹಿಡಿದು ಮನೆಯಿಂದ ಮನೆಗೆ ಹೋಗಿ ನೀರು ಬದಲಿಸಿ ಬರುತ್ತಿದ್ದ. ಆ ಮನೆಗಳಲ್ಲಿ ಅವನನ್ನು ಮೀನಿನ ಅಳಿಯ ಎಂದು ಕರೆಯುತ್ತಿದ್ದರು. ಅವನ ಎದುರಿಗೆ ಅಲ್ಲ; ಆದರೆ ಕೇಳಿಸುತ್ತಿತ್ತು.

ಸತ್ಯನಾರಾಯಣಪೇಟೆಯಲ್ಲಿ ಜಿಪ್ಪು, ಗುಂಡಿ ಮಾರುವ ವ್ಯಾಪಾರಿಯ ಮನೆ ಅವುಗಳಲ್ಲೊಂದು. ಒಂದು ಭಾನುವಾರ ಅವನು ತೊಟ್ಟಿಯ ಗಾಜು ಉಜ್ಜುತ್ತಿದ್ದಾಗ ಆ ಮನೆಯೊಡತಿ ರಶ್ಮಿ ಬಂದು ನಿಂತಳು. ಇಬ್ಬರು ಸಣ್ಣ ಮಕ್ಕಳು ಅವಳ ಸೆರಗು ಹಿಡಿದಿದ್ದರು.

“ಇದು ಒಂದೇ ಇರ್ತೈತಲ್ರಿ, ಪಾಪ ಅನಿಸ್ತೈತಿ,” ಎಂದಳು ಅವಳು. “ಇದರ ಜೊತಿ ಸಣ್ಣವು ನಾಕು ಹಾಕಿದ್ರ ನಡೀತೈತೇನ್ರಿ? ಮಕ್ಕಳು ಕೇಳಾಕತ್ಯಾರ.”

ಗಾದಿಲಿಂಗ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಹಾಕ್ರಿ” ಎಂದ.

“ಯಾವು ಹಾಕಿದ್ರ ಚಂದ?”

“ಪ್ಲಾಟಿ ಹಾಕ್ರಿ. ಕೆಂಪನವು.”

ಯಾಕೆ ಹಾಗೆ ಹೇಳಿದ ಎಂದು ಅವನು ದಾರಿಯಲ್ಲಿ ಯೋಚಿಸಿದ. ತಿರುಗಿ ಹೋಗಿ ಬೇಡವೆಂದು ಹೇಳಬಹುದಿತ್ತು. ಅಂಗಡಿ ಸಾಲು ದಾಟಿ, ಸರ್ಕಲ್ ದಾಟಿ, ಮನೆಗೇ ಬಂದ.

ಮರುದಿನ ಸಂಜೆ ರಶ್ಮಿಯ ಗಂಡ ಮಾವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಮಾತಾಡಿದ. ಮಕ್ಕಳ ಕಣ್ಣೆದುರಿಗೇ ಎಲ್ಲ ನಡೆದಿತ್ತು. ಚಿಕ್ಕವಳು ಅನ್ನ ಬಿಟ್ಟಿದ್ದಳು. ರಾತ್ರಿ ಊಟಕ್ಕೆ ಕೂತಾಗ ಮಾವ ತಟ್ಟೆ ಸರಿಸಿ, “ನಾಕು ಮಂದ್ಯಾಗ ನನ್ನ ಮರ್ಯಾದಿ ಕಳದಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕಪ” ಎಂದರು.

“ಹೋಗ್ಲಿ ಬಿಡ್ರಿ ಅಪ್ಪಾಜಿ, ಮರ್ತು ಹೇಳಿರಬೇಕು” ಎಂದಳು ನಂದಿನಿ.

“ಅಪ್ಪ ಇಂಥಾದ್ದು ಮರೆಯಂಗಿಲ್ಲ,” ಎಂದಳು ಮೇಘಾ. ಅವಳು ಈಗ ಏಳನೆಯ ತರಗತಿ. ತುತ್ತನ್ನು ತಟ್ಟೆಯಲ್ಲೇ ಇಟ್ಟು ತಂದೆಯ ಕಡೆ ತಿರುಗಿದಳು. “ಅಪ್ಪಾ, ನಿನಗ ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ಮತ್ತ ಯಾಕ ಹಾಕ್ರಿ ಅಂದಿ? ಆ ಹುಡುಗ್ರು ನಿನಗೇನು ಮಾಡಿದ್ರು?”

ಹೇಳಬೇಕಾದದ್ದು ಗಾದಿಲಿಂಗನ ಹತ್ತಿರ ಎಷ್ಟೋ ವರ್ಷದ್ದಿತ್ತು. ಆದರೆ ಆ ಮಕ್ಕಳಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ಮಾವ ನೋಡುತ್ತಿದ್ದರು, ನಂದಿನಿಯೂ ನೋಡುತ್ತಿದ್ದಳು. ಅವರಿಬ್ಬರ ಮುಂದೆ ತಲೆ ತಗ್ಗಿಸಿ ಅಭ್ಯಾಸವಿತ್ತು. ಮಗಳ ಮುಂದೆ ತಗ್ಗಿಸಿದ್ದು ಅದೇ ಮೊದಲು. ಮೇಘಾ ಇನ್ನೊಂದು ಸಲ ಕೇಳಲಿಲ್ಲ. ಎದ್ದು ತಟ್ಟೆ ತೊಳೆದಿಟ್ಟು ತನ್ನ ಕೋಣೆಗೆ ಹೋದಳು.

ಸತ್ಯನಾರಾಯಣಪೇಟೆಯವರು ಬೇರೆ ಯಾರನ್ನೋ ಗೊತ್ತು ಮಾಡಿಕೊಂಡರು. ಉಳಿದ ಮನೆಗಳಿಗೆ ಗಾದಿಲಿಂಗ ಈಗಲೂ ಹೋಗುತ್ತಾನೆ. ಯಾವ ಮೀನಿನ ಜೊತೆ ಯಾವುದು ಹೊಂದುತ್ತದೆ ಎಂದು ಯಾರಾದರೂ ಕೇಳಿದರೆ, “ಎರ್ರಿಸ್ವಾಮಿ ಅಂಗಡ್ಯಾಗ ಕೇಳ್ರಿ, ಅವರು ಹೇಳ್ತಾರ” ಎಂದು ಹೊಲಸು ನೀರಿನ ಬಕೇಟು ಎತ್ತಿಕೊಂಡು ಹೊರಗೆ ನಡೆಯುತ್ತಾನೆ.